ಸೇವೆಯಲ್ಲಿದ್ದುಕೊಂಡೇ ಶಿಷ್ಯವೃತ್ತಿ: ಚರ್ಚಿನ ವಾದಕನೊಬ್ಬನ ಗುರುಯಾತ್ರೆ ಮತ್ತು ಮೈಸೂರಿನ ಎರಡು ನಿದರ್ಶನಗಳು

ಕಲಾವಿದರಿಗೆ ಆಶ್ರಯವಿತ್ತವರ ಚರಿತ್ರೆ ನಮ್ಮಲ್ಲಿ ವಿಪುಲವಾಗಿ ಬಂದಿದೆ. ಯಾವ ಅರಸರ ಆಸ್ಥಾನದಲ್ಲಿ ಯಾವ ವಿದ್ವಾಂಸರಿದ್ದರು, ಅವರಿಗೆ ಸಂದ ಬಿರುದುಗಳೇನು, ಖಿಲ್ಲತ್ತುಗಳೇನು ಎಂಬುದನ್ನು ಸಂಗೀತ ಚರಿತ್ರಕಾರರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಆಶ್ರಯದ ಇನ್ನೊಂದು ಮುಖದತ್ತ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ. ಹುದ್ದೆಗೆ ಸೇರಿ, ಸಂಬಳ ಪಡೆಯುತ್ತಿರುವ ಸಂಗೀತಗಾರನಿಗೆ ತಾನಿನ್ನೂ ಕಲಿಯಬೇಕಾದದ್ದಿದೆ ಎನಿಸಿದರೆ ಆತನ ಗತಿಯೇನು? ಆತ ಗುರುವನ್ನು ಅರಸಿ ಹೋಗುವ ಅವಧಿಯಲ್ಲಿ ಸೇವೆಯನ್ನು ನಡೆಸುವವರಾರು, ವೆಚ್ಚವನ್ನು ಭರಿಸುವವರಾರು? ಪ್ರಸ್ತುತ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಜರ್ಮನಿಯ ಚರ್ಚಿನ ಸಂಗೀತಗಾರನೊಬ್ಬನ ಜೀವನದ ಒಂದು ಪ್ರಸಂಗವನ್ನು ಆಧರಿಸಿ ಪರಿಶೀಲಿಸಲಾಗಿದೆ. ಅನಂತರ ಅದೇ ಪ್ರಶ್ನೆಗೆ ಮೈಸೂರು ನೀಡಿದ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ನೋಡಲು ಪ್ರಯತ್ನಿಸಲಾಗಿದೆ.

1. ಹಿನ್ನೆಲೆ

ಮೈಸೂರಿಗೂ ಐರೋಪ್ಯ ಸಂಗೀತಕ್ಕೂ ಇರುವ ನಂಟು ಹೊಸದಲ್ಲ. 1799ರ ಬಳಿಕ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರು ನೆಲೆಸಿದರು. ನಗರದಿಂದ ಹುಣಸೂರಿನ ದಾರಿಯಲ್ಲಿ ಸಿಗುವ ಇಲವಾಲದಲ್ಲಿ 19ನೆಯ ಶತಮಾನದ ಆರಂಭದಲ್ಲಿ ಅವರಿಗಾಗಿ ಕಟ್ಟಿದ ಬಂಗಲೆ ಆ ಕಾಲದ ಕುರುಹು. ಪಡೆಯ ಬ್ಯಾಂಡು ಮತ್ತು ಚರ್ಚಿನ ಆರಾಧನೆ ಎಂಬ ಎರಡು ದಾರಿಗಳಲ್ಲಿ ಪಾಶ್ಚಾತ್ಯ ವಾದ್ಯಗಳು ಇಂತಹ ನೆಲೆಗಳಿಗೆ ಬಂದವು. ಮುಂದೆ ಅರಮನೆಯೇ ಆ ಸಂಗೀತಕ್ಕೆ ದೊಡ್ಡ ಪೋಷಕನಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಓಟೋ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಿರ್ದೇಶಿಸುತ್ತಿದ್ದನು. ಸಂತ ಫಿಲೋಮಿನಾ ಚರ್ಚಿನ ಈಗಿನ ಭವ್ಯ ಕಟ್ಟಡಕ್ಕೆ 1933ರಲ್ಲಿ ಅಸ್ತಿಭಾರವನ್ನಿಟ್ಟವರೂ ನಾಲ್ವಡಿಯವರೇ. ವೀಣೆ ಮತ್ತು ಪಿಯಾನೊ ಎರಡನ್ನೂ ಆದರಿಸಿದ ಈ ನಗರದಲ್ಲಿ ನಿಂತು ಚರ್ಚಿನ ಸಂಗೀತಗಾರನೊಬ್ಬನ ಗುರುಯಾತ್ರೆಯನ್ನು ನೋಡುವುದು ಅಪ್ರಸ್ತುತವಾಗಲಾರದು.

2. ಅನಾಥ ಬಾಲಕನ ವಿದ್ಯಾರ್ಜನೆ

ಯೋಹಾನ್ ಸೆಬಾಸ್ಟಿಯನ್ ಬಾಖ್ 1685ರ ಮಾರ್ಚ್ 21ರಂದು ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ ಹುಟ್ಟಿದನು. ಆತನ ಮನೆತನದಲ್ಲಿ ಸಂಗೀತ ಕುಲವೃತ್ತಿ. ಚರ್ಚುಗಳಲ್ಲಿ ಆರ್ಗನ್ ವಾದಕರಾಗಿ, ಊರಿನ ಆಡಳಿತದ ವಾದ್ಯಗಾರರಾಗಿ ಹಲವು ತಲೆಮಾರುಗಳಿಂದ ಅವರು ಬಾಳಿದ್ದರು. ಒಂಬತ್ತು ವರ್ಷ ತುಂಬಿದ ಬಾಲಕನಿಗೆ 1694ರಲ್ಲಿ ತಾಯಿ, ಮರುವರ್ಷ ತಂದೆ ತೀರಿಕೊಂಡರು. ಓರ್‌ಡ್ರೂಫ್ ಎಂಬ ಊರಿನಲ್ಲಿ ಚರ್ಚಿನ ವಾದಕನಾಗಿದ್ದ ಅಣ್ಣ ಯೋಹಾನ್ ಕ್ರಿಸ್ಟೋಫ್ ಆತನನ್ನು ಸಾಕಿ, ಮೊದಲ ಪಾಠಗಳನ್ನು ಹೇಳಿಕೊಟ್ಟನು. ಈ ಅಣ್ಣ ಪ್ರಸಿದ್ಧ ವಾದಕ ಪಾಖೆಲ್ಬೆಲನ ಶಿಷ್ಯ.

ಬಾಖ್ ತೀರಿಕೊಂಡ ಮೇಲೆ ಆತನ ಮಗ ಹಾಗೂ ಶಿಷ್ಯನೊಬ್ಬ ಸೇರಿ ಬರೆದ, 1754ರಲ್ಲಿ ಅಚ್ಚಾದ ಚರಮ ಲೇಖನದಲ್ಲಿ ಒಂದು ಘಟನೆ ಬರುತ್ತದೆ. ಅಣ್ಣನ ಬಳಿ ಹಿರಿಯ ವಾಗ್ಗೇಯಕಾರರ ರಚನೆಗಳ ಹಸ್ತಪ್ರತಿಯೊಂದಿತ್ತು. ಅದನ್ನು ಮುಟ್ಟಲು ಹುಡುಗನಿಗೆ ಅನುಮತಿಯಿರಲಿಲ್ಲ. ಆತ ರಾತ್ರಿಯ ವೇಳೆ ಜಾಲರಿ ಬಾಗಿಲಿನ ಬೀರುವಿನಿಂದ ಅದನ್ನು ಎಳೆದುಕೊಂಡು, ದೀಪವಿಲ್ಲದ ಕಾರಣ ಬೆಳದಿಂಗಳಲ್ಲೇ ಆರು ತಿಂಗಳು ಕುಳಿತು ಪ್ರತಿ ಮಾಡಿಕೊಂಡನಂತೆ. ವಿಷಯ ತಿಳಿದಾಗ ಅಣ್ಣ ಆ ಪ್ರತಿಯನ್ನು ಕಸಿದುಕೊಂಡನು. ಕಥೆಯಲ್ಲಿ ಕುಟುಂಬದ ಅಭಿಮಾನ ಬೆರೆತಿರಬಹುದು. ಆದರೆ ಅದು ಆ ಕಾಲದ ಕಲಿಕೆಯ ಕ್ರಮವನ್ನು ಸರಿಯಾಗಿಯೇ ತಿಳಿಸುತ್ತದೆ. ಅಚ್ಚಾದ ಸಂಗೀತ ವಿರಳವಾಗಿದ್ದ ಆ ದಿನಗಳಲ್ಲಿ ಗುರುವಿನ ರಚನೆಯನ್ನು ಕೈಯಾರೆ ಬರೆದುಕೊಳ್ಳುವುದೇ ವಿದ್ಯೆಯ ಅರ್ಧಭಾಗವಾಗಿತ್ತು. ನಮ್ಮಲ್ಲಿ ಓಲೆಗರಿಯ ಪ್ರತಿ ಮಾಡಿಕೊಂಡು ಶಾಸ್ತ್ರವನ್ನು ಕಲಿತವರಿಗೆ ಈ ಪದ್ಧತಿ ಅಪರಿಚಿತವೇನಲ್ಲ.

1700ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಬಾಖ್ ಉತ್ತರದ ಲ್ಯೂನೆಬುರ್ಗಿಗೆ ತೆರಳಿ ಅಲ್ಲಿನ ಸಂತ ಮಿಖಾಯೇಲನ ಶಾಲೆಯನ್ನು ಸೇರಿದನು. ಚರ್ಚಿನ ಮೇಳದಲ್ಲಿ ಹಾಡುವ ಬಡ ಹುಡುಗರಿಗೆ ಅಲ್ಲಿ ಊಟ, ವಸತಿ, ವಿದ್ಯೆ ದೊರೆಯುತ್ತಿದ್ದವು. ಸೇವೆ ಮತ್ತು ಕಲಿಕೆ ಇಲ್ಲಿ ಒಂದೇ ನಾಣ್ಯದ ಎರಡು ಮುಖಗಳು. ಅದೇ ಊರಿನ ಇನ್ನೊಂದು ಚರ್ಚಿನಲ್ಲಿ ಗೇಯೋರ್ಗ್ ಬ್ಯೋಮ್ ಎಂಬ ದೊಡ್ಡ ವಾದಕನಿದ್ದನು. ಬಾಖ್ ಆತನಲ್ಲಿ ಪಾಠ ಹೇಳಿಸಿಕೊಂಡನೇ ಎಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ವೈಮಾರ್ ಗ್ರಂಥಾಲಯದಲ್ಲಿ ದೊರೆತು 2006ರಲ್ಲಿ ಬೆಳಕಿಗೆ ಬಂದ ಹಸ್ತಪ್ರತಿಗಳು ಈ ಚರ್ಚೆಯ ದಿಕ್ಕನ್ನೇ ಬದಲಿಸಿದವು. ಬಾಖನ ಕೈಬರಹದ ಅತ್ಯಂತ ಹಳೆಯ ಮಾದರಿಗಳಾದ ಇವುಗಳಲ್ಲಿ ಬುಕ್ಸ್‌ಟಹೂಡೆ ಹಾಗೂ ಹ್ಯಾಂಬುರ್ಗಿನ ರೈನ್‌ಕೆನ್ ಎಂಬವರ ರಚನೆಗಳಿವೆ. 1700ರಲ್ಲಿ, ಬ್ಯೋಮನ ಆಶ್ರಯದಲ್ಲಿ ಈ ಪ್ರತಿಯನ್ನು ಮಾಡಿಕೊಂಡುದಾಗಿ ಹುಡುಗ ರೈನ್‌ಕೆನ್‌ನ ರಚನೆಯ ಕೊನೆಯಲ್ಲಿ ಬರೆದಿದ್ದಾನೆ. ಅಂದರೆ, ಐದು ವರ್ಷಗಳ ಅನಂತರ ಯಾರನ್ನು ಕಾಣಲು ನಡೆದು ಹೋದನೋ ಆ ಗುರುವಿನ ರಚನೆಯೊಂದು ಅದಾಗಲೇ ಆತನ ಕೈಯ ಪ್ರತಿಯಲ್ಲಿತ್ತು.

3. ನಾಲ್ಕು ವಾರದ ರಜೆ

1703ರ ಆಗಸ್ಟಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬಾಖ್ ಆರ್ನ್‌ಸ್ಟಾಟ್ ಪಟ್ಟಣದ ಹೊಸ ಚರ್ಚಿನ ವಾದಕನಾಗಿ ನೇಮಕಗೊಂಡನು. ಆ ಹುದ್ದೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಚರ್ಚಿನ ಆರ್ಗನ್ ನಮ್ಮ ಹಾರ್ಮೋನಿಯಮ್ಮಿನ ದೂರದ ಬಂಧು. ಆದರೆ ಅದರಲ್ಲಿ ನಾದ ಹುಟ್ಟುವುದು ಮುಖ್ಯವಾಗಿ ನೂರಾರು, ಕೆಲವೊಮ್ಮೆ ಸಾವಿರಾರು ಕೊಳವೆಗಳಲ್ಲಿ. ಅಂದು ದೊಡ್ಡ ತಿದಿಗಳನ್ನು ಒತ್ತಲು ಪ್ರತ್ಯೇಕ ಆಳು ಬೇಕಿತ್ತು. ವಾದಕ ಕೈಗಳಿಂದಲೂ ಪಾದಗಳಿಂದಲೂ ಏಕಕಾಲಕ್ಕೆ ನುಡಿಸಬೇಕಿತ್ತು. ಲೂಥರನ ಪಂಥದ ಆರಾಧನೆಯಲ್ಲಿ ಭಕ್ತಸಮುದಾಯವೇ ಕೀರ್ತನೆಗಳನ್ನು ಹಾಡುತ್ತದೆ. ಕೀರ್ತನೆಗೆ ಮುನ್ನ ಪೀಠಿಕೆ ನುಡಿಸುವುದು, ಹಾಡುವವರಿಗೆ ಆಧಾರವಾಗಿ ನಡೆಯುವುದು, ಇವು ವಾದಕನ ಕರ್ತವ್ಯಗಳು. ಈ ಕೆಲಸ ವಾರದಲ್ಲಿ ಕೆಲವೇ ದಿನಗಳದ್ದಾಗಿತ್ತು.

ಯುವಕನಿಗೆ ವೇತನವೂ ಹೊಸ ವಾದ್ಯವೂ ದೊರೆತಿದ್ದವು. ದೊರೆಯದಿದ್ದುದು ಆ ಊರಿನಲ್ಲಿ ತನಗಿಂತ ಹೆಚ್ಚು ಬಲ್ಲವರ ಸಹವಾಸ. ಶಾಲೆಯ ಹುಡುಗರ ಮೇಳವನ್ನು ತಿದ್ದುವುದು ಆತನಿಗೆ ಒಗ್ಗಲಿಲ್ಲ. 1705ರ ಆಗಸ್ಟಿನಲ್ಲಿ ಆ ಗುಂಪಿನ ವಾದಕನೊಬ್ಬನೊಡನೆ ಬೀದಿಯಲ್ಲಿ ಜಗಳವೇ ಆಗಿ, ವಿಷಯ ಮೇಲಧಿಕಾರಿಗಳ ಮುಂದೆ ಬಂತು. ಅಕ್ಟೋಬರಿನಲ್ಲಿ ಬಾಖ್ ನಾಲ್ಕು ವಾರಗಳ ರಜೆ ಕೇಳಿದನು, ರಜೆ ಮಂಜೂರಾಯಿತು. ದಾಯಾದಿ ಸಹೋದರ ಯೋಹಾನ್ ಅರ್ನ್ಸ್ಟನನ್ನು ಬದಲಿ ವಾದಕನಾಗಿ ನಿಲ್ಲಿಸಿ, ಉತ್ತರದ ಲ್ಯೂಬೆಕ್ ನಗರದತ್ತ ಹೊರಟನು. ಪ್ರಯಾಣ ಕಾಲ್ನಡಿಗೆಯಲ್ಲಿ ನಡೆಯಿತೆಂದು ಚರಮ ಲೇಖನ ಹೇಳುತ್ತದೆ. ಆ ದಾರಿ ಸುಮಾರು 400 ಕಿಲೋಮೀಟರು. ಇಲವಾಲದಿಂದ ನಡೆಯಲು ತೊಡಗಿದವನು ಹಾವೇರಿಯ ಆಸುಪಾಸನ್ನು ಮುಟ್ಟುವಷ್ಟು ದೂರ. ಹೋಗಿ ಬರುವುದಕ್ಕೇ ರಜೆಯ ಬಹುಭಾಗ ಸವೆಯುವುದೆಂಬುದು ರಜೆ ಕೊಟ್ಟವರಿಗೂ ಪಡೆದವನಿಗೂ ತಿಳಿಯದ ವಿಷಯವೇನಾಗಿರಲಿಲ್ಲ.

4. ಲ್ಯೂಬೆಕ್ಕಿನ ಗುರು

ಡೀಟ್ರಿಖ್ ಬುಕ್ಸ್‌ಟಹೂಡೆ 1668ರಿಂದ ಲ್ಯೂಬೆಕ್ಕಿನ ಸಂತ ಮೇರಿಯಮ್ಮನ ಚರ್ಚಿನ ವಾದಕನಾಗಿದ್ದನು. ಬಾಖ್ ಬಂದಾಗ ಆತನಿಗೆ ಅರುವತ್ತೆಂಟರ ಆಸುಪಾಸು, ಶಿಷ್ಯನಿಗೆ ಇಪ್ಪತ್ತು. ಬುಕ್ಸ್‌ಟಹೂಡೆ ಕೇವಲ ವಾದಕನಲ್ಲ, ಚರ್ಚಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಹೊಣೆಯೂ ಆತನದಾಗಿತ್ತು. ಆರಾಧನೆಯ ಹೊರಗೆ ‘ಸಂಜೆಯ ಸಂಗೀತ’ ಎಂಬ ಕಛೇರಿಗಳ ಸರಣಿಯನ್ನು ಆತ ಬೆಳೆಸಿದ್ದನು. ಕ್ರಿಸ್‌ಮಸ್ಸಿಗೆ ಮುಂಚಿನ ನಿರ್ದಿಷ್ಟ ಐದು ಭಾನುವಾರಗಳಂದು ನಡೆಯುತ್ತಿದ್ದ ಇವುಗಳಿಗೆ ನಗರದ ವರ್ತಕರು ಹಣ ಒದಗಿಸುತ್ತಿದ್ದರು. ಕೇಳುಗರಿಗೆ ಪ್ರವೇಶ ಉಚಿತ. ಬಾಖ್ ಅಲ್ಲಿದ್ದ ವರ್ಷವೇ, ಡಿಸೆಂಬರ್ 2 ಮತ್ತು 3ರಂದು, ಗತಿಸಿದ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡನ ಸ್ಮರಣೆಗೆ ಹಾಗೂ ಮೊದಲನೆಯ ಯೋಸೆಫನ ಪಟ್ಟಾಭಿಷೇಕದ ಗೌರವಕ್ಕೆ ಎರಡು ವಿಶೇಷ ಕಛೇರಿಗಳು ನಡೆದವು. ನಾಲ್ಕು ವಾರಗಳ ರಜೆಯಲ್ಲಿ ಹಿಂದಿರುಗಿದ್ದರೆ ಆತನಿಗೆ ಇವುಗಳನ್ನು ಕೇಳುವ ಅವಕಾಶವೇ ಇರುತ್ತಿರಲಿಲ್ಲ.

ಬಾಖ್ ಅಲ್ಲಿ ಏನನ್ನು ಕಲಿತನು? ಕ್ರಮಬದ್ಧ ಪಾಠಗಳ ದಾಖಲೆಯಿಲ್ಲ. ಕೇಳಿ ಕಲಿತನೆಂದೇ ಚರಮ ಲೇಖನದ ಧ್ವನಿ. ಆದರೆ ರಚನೆಗಳೇ ಸಾಕ್ಷ್ಯ ನುಡಿಯುತ್ತವೆ. ಬುಕ್ಸ್‌ಟಹೂಡೆಯ ವಾದನದಲ್ಲಿ ಎರಡು ಲಕ್ಷಣಗಳು ಪ್ರಧಾನವಾಗಿವೆ. ಮೊದಲನೆಯದು, ಲಯದ ಕಟ್ಟು ಸಡಿಲಿಸಿ ಆ ಕ್ಷಣದ ಕಲ್ಪನೆಯಂತೆ ಹರಿಯುವ ಭಾಗವೂ ನಿಯಮಬದ್ಧವಾಗಿ ಹೆಣೆದ ಭಾಗವೂ ಒಂದಾದಮೇಲೊಂದು ಬರುವ ಕ್ರಮ. ನಮ್ಮ ಪರಿಭಾಷೆಯಲ್ಲಿ ಮನೋಧರ್ಮವೂ ಕಲ್ಪಿತವೂ ಒಂದೇ ಕೃತಿಯೊಳಗೆ ಕೂಡಿ ಬರುವುದೆನ್ನಬಹುದು. ಎರಡನೆಯದು, ಮಂದ್ರದಲ್ಲಿ ಒಂದೇ ಸ್ವರಪಂಕ್ತಿ ಮತ್ತೆ ಮತ್ತೆ ಆವರ್ತಿಸುತ್ತಿರಲು ಮೇಲೆ ಹೊಸ ಹೊಸ ವಿನ್ಯಾಸಗಳನ್ನು ಕಟ್ಟುವುದು. ಬಾಖನ ಪ್ರಖ್ಯಾತ ಸಿ ಮೈನರ್ ಪಸ್ಸಕಾಲಿಯ ಈ ಎರಡನೆಯ ಮಾರ್ಗದ ಕೃತಿ. ಪಾದಗಳಿಂದ ನುಡಿಸುವ ಎಂಟು ಅಳತೆಗಳ ಒಂದು ಪಂಕ್ತಿಯ ಮೇಲೆ ಇಪ್ಪತ್ತು ವಿನ್ಯಾಸಗಳು, ಕೊನೆಯಲ್ಲಿ ಒಂದು ಫ್ಯೂಗ್. ಈ ಕೃತಿಯನ್ನೂ ಬುಕ್ಸ್‌ಟಹೂಡೆಯ ಇದೇ ಜಾತಿಯ ರಚನೆಗಳನ್ನೂ ಒಂದೇ ಹಸ್ತಪ್ರತಿಯೊಳಗೆ ಬರೆದಿಟ್ಟು ಉಳಿಸಿದವನು ಓರ್‌ಡ್ರೂಫಿನ ಅದೇ ಅಣ್ಣ. ತಮ್ಮನ ಕೈಯಿಂದ ಪ್ರತಿಯನ್ನು ಕಸಿದುಕೊಂಡವನು ಮುಂದೆ ಆತನ ಗುರುವಿನ ಸಂಗೀತದ ರಕ್ಷಕನಾದನು.

ಲ್ಯೂಬೆಕ್ಕಿನ ಹುದ್ದೆಗೊಂದು ವಿಚಿತ್ರ ಸಂಪ್ರದಾಯವೂ ಅಂಟಿಕೊಂಡಿತ್ತು. ಬುಕ್ಸ್‌ಟಹೂಡೆ ತನ್ನ ಹಿಂದಿನ ವಾದಕನ ಮಗಳನ್ನು ಮದುವೆಯಾಗಿ ಆ ಸ್ಥಾನಕ್ಕೆ ಬಂದಿದ್ದನು. ತನ್ನ ಉತ್ತರಾಧಿಕಾರಿಯೂ ತನ್ನ ಮಗಳ ಕೈಹಿಡಿಯಬೇಕೆಂಬುದು ಆತನ ಅಪೇಕ್ಷೆ. 1703ರಲ್ಲಿ ಹ್ಯಾಂಡೆಲ್ ಮತ್ತು ಮಾಟೆಸೋನ್ ಇಬ್ಬರೂ ಬಂದು ನೋಡಿ ಹಿಂದಿರುಗಿದ್ದರು. 1707ರಲ್ಲಿ ಬುಕ್ಸ್‌ಟಹೂಡೆ ತೀರಿಕೊಂಡ ಬಳಿಕ ಶೀಫರ್‌ಡೆಕರ್ ಎಂಬಾತನು ಮಗಳನ್ನು ವರಿಸಿ ಸ್ಥಾನವನ್ನು ಪಡೆದನು. ಸ್ಥಾನ ಒಬ್ಬನಿಗೆ ಸಂದಿತು; ವಿದ್ಯೆಯನ್ನು ಮುಂದಕ್ಕೆ ಒಯ್ದವನು ಇನ್ನೊಬ್ಬ.

5. ವಿಚಾರಣೆ

ಬಾಖ್ ಆರ್ನ್‌ಸ್ಟಾಟಿಗೆ ಮರಳಿದಾಗ 1706ರ ಆರಂಭ. ಫೆಬ್ರವರಿ 21ರಂದು ಚರ್ಚಿನ ಆಡಳಿತ ಮಂಡಲಿ ಆತನನ್ನು ಕರೆಸಿ ವಿಚಾರಿಸಿತು. ಆ ವಿಚಾರಣೆಯ ಬರಹ ಉಳಿದುಬಂದಿದೆ. ಇಷ್ಟು ದಿನ ಎಲ್ಲಿದ್ದೆ ಎಂದು ಮಂಡಲಿ ಕೇಳಿತು. ತನ್ನ ಕಲೆಗೆ ಸಂಬಂಧಿಸಿದ ಕೆಲವು ವಿಷಯಗಳನ್ನು ಅರಿಯಲು ಲ್ಯೂಬೆಕ್ಕಿಗೆ ಹೋಗಿದ್ದೆ, ಅನುಮತಿ ಪಡೆದೇ ಹೋಗಿದ್ದೆ ಎಂಬುದು ಆತನ ಉತ್ತರದ ಸಾರಾಂಶ. ಕೇಳಿದ್ದು ನಾಲ್ಕು ವಾರ, ಉಳಿದದ್ದು ಅದರ ನಾಲ್ಕರಷ್ಟು ಎಂಬುದು ಮಂಡಲಿಯ ಆಕ್ಷೇಪ. ಬದಲಿ ವಾದಕನಿಂದ ಸೇವೆಗೆ ಲೋಪವಾಗಿರಲಾರದೆಂದು ತಾನು ನಂಬಿದ್ದುದಾಗಿ ಬಾಖ್ ಹೇಳಿಕೊಂಡನು.

ಆದರೆ ವಿಚಾರಣೆ ರಜೆಯ ವಿಷಯದಲ್ಲೇ ನಿಲ್ಲಲಿಲ್ಲ. ಕೀರ್ತನೆಗಳ ನಡುವೆ ವಿಚಿತ್ರ ವ್ಯತ್ಯಾಸಗಳನ್ನು ತಂದು, ಅನ್ಯಸ್ವರಗಳನ್ನು ಬೆರೆಸಿ ಭಕ್ತರನ್ನು ಗೊಂದಲಗೊಳಿಸುತ್ತಾನೆ. ಪೀಠಿಕೆ ಮೊದಲು ಬಹಳ ಉದ್ದವಾಗಿತ್ತು, ಆಕ್ಷೇಪಿಸಿದ ಮೇಲೆ ಬಹಳ ಗಿಡ್ಡವಾಯಿತು. ವಿದ್ಯಾರ್ಥಿಗಳೊಡನೆ ಮೇಳ ನಡೆಸುವುದಿಲ್ಲ ಎಂಬ ದೂರುಗಳನ್ನೂ ಮಂಡಲಿ ಮುಂದಿಟ್ಟಿತು. ಈ ಭಾಗವನ್ನು ಓದುವಾಗ ಮೇಧಾವಿಯನ್ನು ಅರಿಯದ ಸಣ್ಣ ಮನಸ್ಸಿನವರೆಂದು ಮಂಡಲಿಯನ್ನು ಹಳಿಯುವುದು ಸುಲಭ. ಹಲವು ಜೀವನಚರಿತ್ರಕಾರರು ಹಾಗೆಯೇ ಮಾಡಿದ್ದಾರೆ. ಸಮಚಿತ್ತದಿಂದ ನೋಡಿದರೆ ಮಂಡಲಿಯ ಮಾತಿನಲ್ಲೂ ನ್ಯಾಯವಿದೆ. ಚರ್ಚಿಗೆ ಬಂದ ರೈತನಿಗೆ, ಕಮ್ಮಾರನಿಗೆ ಹಾಡಲು ಆಧಾರಸ್ವರ ಬೇಕು. ಅದು ಕೈತಪ್ಪಿದರೆ ಆರಾಧನೆಯೇ ಕೆಡುತ್ತದೆ. ಸೇವೆಗೆ ಸಂಬಳ ಕೊಟ್ಟವರು ಸೇವೆಯನ್ನು ಕೇಳಿದ್ದರಲ್ಲಿ ತಪ್ಪಿಲ್ಲ. ಅವರು ಆತನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಕೊರತೆಯಿದ್ದುದು ಬೇರೊಂದು ಕಡೆ. ಕಲಿತು ಬಂದದ್ದನ್ನು ಕೇಳಿ ನೋಡುವ ಕುತೂಹಲ ಆ ಬರಹದಲ್ಲಿ ಎಲ್ಲಿಯೂ ಕಾಣುವುದಿಲ್ಲ. ನಾಲ್ಕು ತಿಂಗಳ ಕಲಿಕೆ ಮಂಡಲಿಯ ಲೆಕ್ಕದಲ್ಲಿ ನಾಲ್ಕು ತಿಂಗಳ ಗೈರುಹಾಜರಿ ಮಾತ್ರವಾಗಿತ್ತು.

1707ರಲ್ಲಿ ಬಾಖ್ ಮ್ಯೂಲ್‌ಹೌಸೆನ್ನಿನ ಚರ್ಚಿಗೆ ತೆರಳಿದನು. ಬದಲಿಯಾಗಿ ನುಡಿಸಿದ್ದ ಯೋಹಾನ್ ಅರ್ನ್ಸ್ಟನೇ ಆರ್ನ್‌ಸ್ಟಾಟಿನ ಹುದ್ದೆಗೆ ಬಂದನು. ಆ ಊರು ರಜೆಯ ವೆಚ್ಚವನ್ನು ಭರಿಸಿತು, ಫಲ ಪಡೆದವರು ಬೇರೆಯವರು. ವೈಮಾರ್, ಕ್ಯೋಥೆನ್, ಕೊನೆಗೆ 1723ರಿಂದ 1750ರವರೆಗೆ ಲೈಪ್‌ಜಿಗ್ ಆ ಫಲವನ್ನುಂಡವು.

ಬಾಖ್ ಸ್ವತಃ ಗುರುವಾದ ಮೇಲೆ ಪಡೆದುದನ್ನು ಹಂಚಿದ ರೀತಿಯೂ ಸ್ಮರಣೀಯ. 1724ರಲ್ಲಿ ಲೈಪ್‌ಜಿಗ್ಗಿಗೆ ಬಂದ ಗೆರ್ಬರ್ ಎಂಬ ಶಿಷ್ಯನಿಗೆ ತನ್ನ ‘ವೆಲ್ ಟೆಂಪರ್ಡ್ ಕ್ಲಾವಿಯರ್’ ಸಂಪುಟದ ಕೃತಿಗಳನ್ನು ಮೂರು ಬಾರಿ ತಾನೇ ನುಡಿಸಿ ತೋರಿಸಿದನೆಂದು ಆ ಶಿಷ್ಯನ ಮಗ ದಾಖಲಿಸಿದ್ದಾನೆ. ಬರಹದ ಸಂಗೀತವೆಂದೇ ನಾವು ಭಾವಿಸುವ ಐರೋಪ್ಯ ಪರಂಪರೆಯಲ್ಲೂ ವಿದ್ಯೆ ಗುರುವಿನ ಕೈಯಿಂದ ಶಿಷ್ಯನ ಕಿವಿಗೆ ದಾಟುತ್ತಿತ್ತೆಂಬುದಕ್ಕೆ ಇದು ನಿದರ್ಶನ.

6. ಮೈಸೂರಿನ ಉತ್ತರ

ಈಗ ನಮ್ಮ ನೆಲದತ್ತ ತಿರುಗೋಣ. ಮೈಸೂರು ವಾಸುದೇವಾಚಾರ್ಯರು 1865ರಲ್ಲಿ ಜನಿಸಿದರು. ಬಾಖನಂತೆಯೇ ಎಳೆತನದಲ್ಲಿ ತಂದೆಯನ್ನು ಕಳೆದುಕೊಂಡವರು. ಸಂಸ್ಕೃತ ವ್ಯಾಸಂಗದ ಜೊತೆಗೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತದ ಶಿಕ್ಷಣ ಪಡೆದರು. ಈ ಯುವಕನಲ್ಲಿದ್ದ ಶಕ್ತಿಯನ್ನು ಗುರುತಿಸಿದ ಮಹಾರಾಜ ಚಾಮರಾಜ ಒಡೆಯರು, ಉನ್ನತ ಶಿಕ್ಷಣಕ್ಕಾಗಿ ಅವರನ್ನು ಅರಮನೆಯ ವೆಚ್ಚದಲ್ಲೇ ತಿರುವಯ್ಯಾರಿನ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿಗೆ ಕಳುಹಿಸಿಕೊಟ್ಟರು. ಅಯ್ಯರ್ ಅವರು ತ್ಯಾಗರಾಜರ ಶಿಷ್ಯರಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರ ಶಿಷ್ಯರು. ಐರೋಪ್ಯ ಸಂಗೀತದ ಛಾಯೆಯುಳ್ಳ ಕದನಕುತೂಹಲ ರಾಗವನ್ನು ಪ್ರಚುರಪಡಿಸಿದವರೂ ಅವರೇ.

ಮೈಸೂರಿನಿಂದ ತಿರುವಯ್ಯಾರಿಗೆ ಇರುವ ದೂರವೂ ಹೆಚ್ಚುಕಡಿಮೆ 400 ಕಿಲೋಮೀಟರೇ. ಆದರೆ ಎರಡು ಯಾತ್ರೆಗಳ ಅಂತರ ದೂರದಲ್ಲಿಲ್ಲ, ಕಳುಹಿಸಿದವರ ದೃಷ್ಟಿಯಲ್ಲಿದೆ. ಆರ್ನ್‌ಸ್ಟಾಟಿನ ಮಂಡಲಿ ವಾರಗಳನ್ನು ಎಣಿಸಿತು. ಮೈಸೂರಿನ ಅರಮನೆ ಶಿಷ್ಯನ ವರ್ಷಗಳ ಗುರುಕುಲವಾಸವನ್ನು ಪೋಷಿಸಿತು. ಬಾಖನ ಕಲಿಕೆ ನಿಯಮೋಲ್ಲಂಘನೆಯಾಗಿ ದಾಖಲಾಯಿತು. ಆಚಾರ್ಯರ ಕಲಿಕೆ ಅರಮನೆಯ ಕಾರ್ಯವೇ ಆಯಿತು. ಹಿಂದಿರುಗಿದ ಆಚಾರ್ಯರು ಆಸ್ಥಾನ ವಿದ್ವಾಂಸರಾಗಿ, ವಾಗ್ಗೇಯಕಾರರಾಗಿ, 1961ರಲ್ಲಿ ತೀರಿಕೊಳ್ಳುವವರೆಗೂ ಬೋಧಕರಾಗಿ ಬಾಳಿದರು. ‘ನಾ ಕಂಡ ಕಲಾವಿದರು’ ಕೃತಿಯ ಮೂಲಕ ತಾವು ಕಂಡ ಹಿರಿಯರನ್ನು ಕನ್ನಡಿಗರಿಗೆ ಪರಿಚಯಿಸಿದರು.

ಎರಡನೆಯ ನಿದರ್ಶನ ಇನ್ನೂ ಸೂಕ್ಷ್ಮವಾದುದು. 1919ರಲ್ಲಿ ಜನಿಸಿದ ಜಯಚಾಮರಾಜ ಒಡೆಯರು ಪಿಯಾನೊ ವಾದನದಲ್ಲಿ ಪಳಗಿದವರು. ಕಛೇರಿ ವಾದಕರಾಗಬೇಕೆಂಬ ಹಂಬಲವೂ ಅವರಿಗಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ದೊಡ್ಡಪ್ಪ ನಾಲ್ವಡಿಯವರು ಇಬ್ಬರೂ ಅಗಲಿದರು. ಇಪ್ಪತ್ತೊಂದರ ತರುಣ ಆ ಸೆಪ್ಟೆಂಬರಿನಲ್ಲಿ ಸಿಂಹಾಸನವನ್ನೇರಬೇಕಾಯಿತು. ಎಲ್ಲರಿಗೂ ರಜೆ ಕೊಡಬಲ್ಲ ಅರಸರಿಗೆ ತಮಗಾಗಿ ರಜೆ ಇರಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರಾದರೂ ವಿದೇಶದ ಗುರುವಿನ ಸನ್ನಿಧಿಯಲ್ಲಿ ಕುಳಿತು ಕಲಿಯುವ ಬದುಕು ಅವರದಾಗಲಿಲ್ಲ. ತಮಗೆ ದಕ್ಕದ್ದನ್ನು ಅವರು ಇತರರಿಗೆ ಒದಗಿಸಿದರು. ಲಂಡನ್ನಿನಲ್ಲಿ ನೆಲೆಸಿದ್ದ, ಲೋಕ ಮರೆಯತೊಡಗಿದ್ದ ರಷ್ಯದ ಸಂಗೀತಗಾರ ಮೆಟ್ನರ್ ತನ್ನ ರಚನೆಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸುವಂತೆ 1940ರ ದಶಕದ ಕೊನೆಯಲ್ಲಿ ಹಣ ನೀಡಿದರು. ಮೆಟ್ನರನ ಮೂರನೆಯ ಪಿಯಾನೊ ಕಂಚೆರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದ ಕಛೇರಿಯ ಹಿಂದೆಯೂ ಅವರ ನೆರವಿತ್ತು.

ಸಿಂಹಾಸನವನ್ನೇರಿದ ಬಳಿಕ ಅವರು ಕರ್ನಾಟಕ ಸಂಗೀತದತ್ತ ತಿರುಗಿ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಆ ದಾರಿಯಲ್ಲಿ ಅವರಿಗೆ ಮಾರ್ಗದರ್ಶಕರಾದವರಲ್ಲಿ ವಾಸುದೇವಾಚಾರ್ಯರು ಪ್ರಮುಖರು. ತಾತ ಚಾಮರಾಜ ಒಡೆಯರು ಒಬ್ಬ ಶಿಷ್ಯನ ಕಲಿಕೆಗೆ ಅರಮನೆಯ ಬೊಕ್ಕಸದಿಂದ ಕೊಟ್ಟದ್ದು ಅರ್ಧ ಶತಮಾನದ ಅನಂತರ ಮೊಮ್ಮಗನಿಗೆ ವಿದ್ಯೆಯ ರೂಪದಲ್ಲಿ ಹಿಂದಿರುಗಿ ಬಂತು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಚರ್ಚು ಕಠಿಣ, ಅರಮನೆ ಉದಾರ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಲ್ಯೂನೆಬುರ್ಗಿನಲ್ಲಿ ಅನಾಥ ಬಾಲಕನಿಗೆ ಅನ್ನವಿಕ್ಕಿದ್ದೂ ಚರ್ಚಿಗೆ ಸೇರಿದ ಶಾಲೆಯೇ, ಲ್ಯೂಬೆಕ್ಕಿನಲ್ಲಿ ಗುರು ದೊರೆತದ್ದೂ ಚರ್ಚಿನಲ್ಲೇ. ಅರಮನೆಯ ಔದಾರ್ಯವೂ ಅರಸರ ಅಭಿರುಚಿಯನ್ನು ಅವಲಂಬಿಸಿತ್ತು. ಅವರ ಕಣ್ಣಿಗೆ ಬೀಳದೆ ಉಳಿದವರ ಹೆಸರುಗಳು ನಮ್ಮ ಚರಿತ್ರೆಯಲ್ಲಿಲ್ಲ. ಇಲ್ಲಿ ಗ್ರಹಿಸಬೇಕಾದ ತತ್ತ್ವವಿಷ್ಟೆ: ಸೇವೆಗೆ ಸಂಬಳ ಕೊಡುವುದು ಆಶ್ರಯದ ಅರ್ಧಭಾಗ ಮಾತ್ರ. ಸೇವೆಯಲ್ಲಿರುವವನು ಮತ್ತೆ ಶಿಷ್ಯನಾಗಲು ಅವಕಾಶ ಮಾಡಿಕೊಟ್ಟು, ಹಿಂದಿರುಗಿದಾಗ ಆತ ತಂದುದನ್ನು ಕೇಳುವ ಕಿವಿಯನ್ನಿಟ್ಟುಕೊಂಡಿರುವುದು ಉಳಿದ ಅರ್ಧ.

ಅರಸರ ಕಾಲ ಮುಗಿದು, ಆಶ್ರಯದ ಹೊಣೆ ಸರ್ಕಾರ, ವಿಶ್ವವಿದ್ಯಾನಿಲಯ ಮತ್ತು ಅಕಾಡೆಮಿಗಳ ಮೇಲೆ ಬಿದ್ದಿದೆ. ಇಂದಿಗೂ ಶಾಲೆಯ ಸಂಗೀತ ಶಿಕ್ಷಕರು, ದೇವಾಲಯದ ನಾಗಸ್ವರದವರು, ಚರ್ಚಿನ ವಾದಕರು, ಪೊಲೀಸ್ ಬ್ಯಾಂಡಿನ ಕಲಾವಿದರು ದುಡಿಮೆಯ ನಡುವೆಯೇ ಕಲಿಯುವ ಹಂಬಲವುಳ್ಳವರು. ಹದಿಹರೆಯದವರ ಶಿಷ್ಯವೇತನಗಳ ಜೊತೆಗೆ ಇಂತಹ ಹುದ್ದೆಯಲ್ಲಿರುವ ಕಲಾವಿದರ ಕಲಿಕೆಗೂ ಒಂದಿಷ್ಟು ಕಾಲವನ್ನು, ಬದಲಿ ಕೈಯನ್ನು ಒದಗಿಸುವ ವ್ಯವಸ್ಥೆಯನ್ನು ಯೋಚಿಸುವುದು ಅಗತ್ಯ. ಆರ್ನ್‌ಸ್ಟಾಟಿನ ಆ ಚರ್ಚು 1935ರಿಂದ ಬಾಖನ ಹೆಸರನ್ನೇ ಹೊತ್ತು ನಿಂತಿದೆ. ಅಂದು ಗೈರುಹಾಜರಿಯ ಲೆಕ್ಕ ಕೇಳಿದ ಸಂಸ್ಥೆ ಇಂದು ಗುರುತಿಸಿಕೊಳ್ಳುವುದು ಆ ವಾದಕನ ಹೆಸರಿನಿಂದಲೇ.